ಕಾದಂಬರಿಯ ಓದಿಗೆ ಇ-ಇಂಕ್ ರೀಡರ್: ಒಂದು ವಿಮರ್ಶೆ

ಕಾದಂಬರಿಯು ಓದುಗರಿಂದ ಗಂಟೆಗಟ್ಟಲೆ ಕದಲದ ಗಮನವನ್ನು ಬೇಡುತ್ತದೆ. ಮೊಬೈಲು ಅದನ್ನು ಎರಡು ಪುಟಕ್ಕೊಮ್ಮೆ ಕದಡುತ್ತದೆ. ಇ-ಪುಸ್ತಕಗಳನ್ನು ಓದಲೆಂದೇ ಮಾಡಿದ ಆರು ಇಂಚಿನ ಇ-ಇಂಕ್ ರೀಡರ್‌ನಲ್ಲಿ ಹಲವು ಕಾದಂಬರಿಗಳನ್ನು ಓದಿದ ಮೇಲೆ, ಇಂದಿನ ಪರದೆಗಳ ಪೈಕಿ ಕಾದಂಬರಿಗೆ ನಿಜವಾಗಿ ಒಗ್ಗುವುದು ಇದೊಂದೇ ಎಂಬ ಅಭಿಪ್ರಾಯಕ್ಕೆ ಬಂದಿದ್ದೇನೆ.

ಈ ಪರದೆಯೊಳಗೆ ಕೂದಲೆಳೆಯಷ್ಟು ದಪ್ಪದ ಸೂಕ್ಷ್ಮ ಕೋಶಗಳಿದ್ದು, ಅವುಗಳಲ್ಲಿ ತೇಲುವ ಕಪ್ಪು ಮತ್ತು ಬಿಳಿ ಕಣಗಳು ವಿದ್ಯುತ್ ಕ್ಷೇತ್ರಕ್ಕೆ ತಕ್ಕಂತೆ ಮೇಲೆ ಬಂದು ಅಕ್ಷರಗಳಾಗಿ ನಿಲ್ಲುತ್ತವೆ. ಒಮ್ಮೆ ಮೂಡಿದ ಪುಟವನ್ನು ಹಾಗೆಯೇ ಉಳಿಸಿಕೊಳ್ಳಲು ವಿದ್ಯುತ್ ಬೇಕಿಲ್ಲವಾದ್ದರಿಂದ ಬ್ಯಾಟರಿ ವಾರಗಟ್ಟಲೆ ಬಾಳುತ್ತದೆ. ಬಿಸಿಲಿನಲ್ಲೂ ಅಕ್ಷರಗಳು ಮಂಕಾಗುವುದಿಲ್ಲ. ಪುಟ ಬದಲಾಗುವ ವೇಗ ನಿಧಾನ, ವಿಡಿಯೊ ನೋಡಲು ಇದು ಒದಗುವುದಿಲ್ಲ. ಈ ಅಸಾಮರ್ಥ್ಯವನ್ನೇ ನಾನು ಇದರ ಮೊದಲ ಗುಣವೆಂದು ಎಣಿಸುತ್ತೇನೆ.

ತೊಡಕಿರುವುದು ಹಿಂದಿನ ಪುಟಗಳಿಗೆ ಮರಳುವಲ್ಲಿ. ಮೂರು ತಲೆಮಾರುಗಳ ಕತೆಯಲ್ಲಿ, ಆರಂಭದ ಅಧ್ಯಾಯದಲ್ಲಿ ಸುಳಿದು ಮರೆಯಾದ ದೂರದ ಸಂಬಂಧಿಯೊಬ್ಬ ನಾನೂರು ಪುಟಗಳಾಚೆ ಆಸ್ತಿಯ ಪಾಲು ಕೇಳಿಕೊಂಡು ಬರುತ್ತಾನೆಂದುಕೊಳ್ಳಿ. ಮುದ್ರಿತ ಪುಸ್ತಕದಲ್ಲಾದರೆ ಅವನ ಪ್ರಸ್ತಾಪ ಎಡಪುಟದ ಕೆಳಭಾಗದಲ್ಲಿತ್ತೆಂಬ ನೆನಪಿನಿಂದಲೇ ಕೈ ಅಲ್ಲಿಗೆ ಹೋಗುತ್ತದೆ. ರೀಡರ್‌ನಲ್ಲಿ ಹೆಸರು ಕೊಟ್ಟು ಹುಡುಕಬಹುದು, ನಿಜ. ಆದರೆ ಹೆಸರು ಮರೆತು, ಅವನು ಜಗಲಿಯಲ್ಲಿ ಕೊಡೆ ಒಣಗಿಸುತ್ತಿದ್ದ ದೃಶ್ಯ ಮಾತ್ರ ನೆನಪಿದ್ದರೆ ಹುಡುಕಾಟದ ಸೌಲಭ್ಯ ಹೆಚ್ಚು ನೆರವಾಗದು. ಅಕ್ಷರದ ಗಾತ್ರ ಬದಲಿಸಿದೊಡನೆ ಸಾಲುಗಳೆಲ್ಲ ಜಾಗ ಬದಲಿಸುವುದರಿಂದ ಕಣ್ಣಿನ ಗುರುತೂ ಉಳಿಯುವುದಿಲ್ಲ. ದೊಡ್ಡ ಕಾದಂಬರಿಯ ಸುಖವು ಬಹುಪಾಲು ಇಂಥ ಹಿಂದುಮುಂದಿನ ಓಡಾಟದಲ್ಲಿರುವುದರಿಂದ ಇದನ್ನು ಸಣ್ಣ ಕೊರತೆಯೆಂದು ತಳ್ಳಿಹಾಕಲಾರೆ.

ಇತರ ಓದುಗರು ಗೆರೆ ಎಳೆದ ಸಾಲುಗಳನ್ನು ತೋರಿಸುವ ಏರ್ಪಾಡು ಕೆಲವು ಸಾಧನಗಳಲ್ಲಿದೆ; ಅದನ್ನು ಮೊದಲ ದಿನವೇ ನಿಲ್ಲಿಸಿಬಿಡಬೇಕು. ಒಂದು ಮಾತು ನಮ್ಮನ್ನು ತಟ್ಟುವ ಮೊದಲೇ ಅದು ಎಷ್ಟು ಜನರನ್ನು ತಟ್ಟಿದೆಯೆಂದು ತಿಳಿಯಬೇಕಾದ ಅಗತ್ಯವೇನಿದೆ?

ಒಡೆತನದ ಪ್ರಶ್ನೆಯೂ ಇದೆ. 2009ರಲ್ಲಿ ಅಮೆಜಾನ್ ಸಂಸ್ಥೆಯು ಹಕ್ಕುಸ್ವಾಮ್ಯದ ತಕರಾರಿನ ಕಾರಣದಿಂದ, ಗ್ರಾಹಕರು ಹಣ ಕೊಟ್ಟು ಪಡೆದಿದ್ದ ಕೆಲವು ಕೃತಿಗಳನ್ನು ಅವರ ಕಿಂಡಲ್ ರೀಡರ್‌ಗಳಿಂದ ದೂರದಿಂದಲೇ ಅಳಿಸಿಹಾಕಿ, ಬಳಿಕ ಕ್ಷಮೆ ಕೋರಿತ್ತು. ಇಂಥ ಇ-ಪುಸ್ತಕ ಮಳಿಗೆಗಳಲ್ಲಿ ನಾವು ಸಾಮಾನ್ಯವಾಗಿ ಪಡೆಯುವುದು ಓದುವ ಪರವಾನಗಿಯನ್ನಷ್ಟೇ.

ಇಷ್ಟಾದರೂ, ಒಂದೇ ಓಟದಲ್ಲಿ ಸಾಗುವ ಕಾದಂಬರಿಗಳನ್ನು ಹೆಚ್ಚಾಗಿ ಓದುವವರಿಗೆ ಇದನ್ನು ನಿಸ್ಸಂಕೋಚವಾಗಿ ಶಿಫಾರಸು ಮಾಡುತ್ತೇನೆ. ಪುಟ ತಿರುಗಿಸಲು ಪ್ರತ್ಯೇಕ ಗುಂಡಿಗಳಿರುವ, ಇಪಬ್ ಎಂಬ ಇ-ಪುಸ್ತಕ ರೂಪದ ಕಡತಗಳನ್ನು ನೇರವಾಗಿ ತೆರೆಯುವ ಮಾದರಿಯನ್ನು ಆರಿಸಿಕೊಳ್ಳುವುದು ಮೇಲು. ವಂಶವೃಕ್ಷ, ನಕ್ಷೆಗಳಿರುವ ಬೃಹತ್ ಕೃತಿಗಳನ್ನು ಮಾತ್ರ ಮುದ್ರಣದಲ್ಲೇ ಕೊಳ್ಳಿ. ಆರು ಇಂಚಿನಲ್ಲಿ ಅವು ಕಣ್ಣಿಗೆ ದಕ್ಕುವುದಿಲ್ಲ.