ಒಂಬತ್ತು ಫೋಟೊ ನೋಡಿ ₹52,000 ಕಟ್ಟಿದವಳ ಮಾತು

ತುಮಕೂರು ಕಡೆ ಪಿಯುಸಿ ಮುಗಿಸಿ ನ್ಯಾಷನಲ್ ಲಾ ಕಾಲೇಜುಗಳ ಪ್ರವೇಶ ಪರೀಕ್ಷೆ ಕ್ಲ್ಯಾಟ್ ಬರೆಯೋಣ ಅಂತಿರುವ ಮಕ್ಕಳು, ಅವರಿಗಿಂತ ಮುಖ್ಯವಾಗಿ ಫೀಸು ಕಟ್ಟುವ ಅಪ್ಪ-ಅಮ್ಮಂದಿರು, ಇದನ್ನು ಓದಿ ಆಮೇಲೆ ಕೋಚಿಂಗ್‌ಗೆ ಸೇರಿ. ಸೆಂಟರಿನ ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದನ್ನು ಬಿಟ್ಟು ಅಂಥದ್ದೇ ಇನ್ನೊಂದರ ಮೆಟ್ಟಿಲು ಹತ್ತುತ್ತೀರಿ, ಅಷ್ಟೆ.

ನನ್ನದು ಗುಬ್ಬಿ ತಾಲ್ಲೂಕಿನ ಹಳ್ಳಿ. 2023ರಲ್ಲಿ ಪಿಯುಸಿ ಮುಗಿಯಿತು, ಆರ್ಟ್ಸ್. ಬೆಂಗಳೂರಿನ ನಾಗರಬಾವಿಯ ನ್ಯಾಷನಲ್ ಲಾ ಸ್ಕೂಲಿನಲ್ಲಿ, ಕರ್ನಾಟಕದಲ್ಲಿ ಹತ್ತು ವರ್ಷ ಓದಿದವರಿಗೆ ಅಂತಲೇ ಸೀಟುಗಳಿವೆ ಎಂದು ಕಾಲೇಜಿನ ಮೇಡಂ ಒಬ್ಬರು ಹೇಳಿದ್ದೇ ತಡ, ತಲೆಯಲ್ಲಿ ಅದೇ ಕೂತುಬಿಟ್ಟಿತು. ಜೂನ್‌ನಲ್ಲಿ ಅಪ್ಪನ ಜೊತೆ ತುಮಕೂರಿಗೆ ಬಂದಾಗ ಬಿ.ಎಚ್. ರಸ್ತೆಯಲ್ಲಿ ಬಸ್ಸಿನ ಕಿಟಕಿಯಿಂದಲೇ ಫ್ಲೆಕ್ಸ್ ಕಂಡಿತು. ಒಂಬತ್ತು ಮುಖ, ಕೆಳಗೆ ದಪ್ಪಕ್ಷರದಲ್ಲಿ ‘ನಮ್ಮಲ್ಲಿ ಓದಿದ ಇವರೆಲ್ಲರಿಗೂ ಲಾ ಸೀಟು! ಮುಂದಿನ ಸರದಿ ನಿಮ್ಮದು!’

ಅಪ್ಪ ಅದನ್ನು ಓದಿ ಕೇಳಿದ್ದು ಒಂದೇ ಮಾತು: “ಒಟ್ಟು ಎಷ್ಟು ಜನ ಸೇರಿದ್ರಂತೆ?”

ನನಗೆ ರೇಗಿತು. ಒಳ್ಳೇದು ನೋಡುವ ಬುದ್ಧಿಯೇ ಇಲ್ಲವಲ್ಲ ಅನ್ನಿಸಿತು.

“ಅಲ್ಲ ಕಣಮ್ಮ, ತಿಪಟೂರು ಎಪಿಎಂಸೀಲಿ ಮೂಟೆ ಬಾಯಲ್ಲಿರೋ ಕೊಬ್ಬರಿ ನೋಡಿ ಯಾವನಾದ್ರೂ ರೇಟು ಕಟ್ತಾನಾ? ಒಳಕ್ಕೆ ಕೈ ಬಿಟ್ಟು ತಳದ್ದು ತೆಗೀತಾನೆ. ಒಂದೆರಡು ಒಡೆದೂ ನೋಡ್ತಾನೆ.”

“ಇದು ಕೊಬ್ಬರಿ ಅಲ್ಲಪ್ಪ, ಎಜುಕೇಷನ್ನು,” ಅಂದೆ. ಅಪ್ಪ ಸುಮ್ಮನಾದರು. ಫೀಸು ಎರಡು ಕಂತಿನಲ್ಲಿ ₹52,000. ಆ ವರ್ಷ ಉಂಡೆ ಕೊಬ್ಬರಿಗೆ ಬೆಂಬಲ ಬೆಲೆ ಕ್ವಿಂಟಲಿಗೆ ₹11,750 ಇತ್ತು, ಮಾರುಕಟ್ಟೆ ಅದಕ್ಕಿಂತ ಎಷ್ಟೋ ಕೆಳಗೆ ಬಿದ್ದಿತ್ತು. ಬೆಂಬಲ ಬೆಲೆಯಲ್ಲೇ ಲೆಕ್ಕ ಹಾಕಿದರೂ ಹತ್ತಿರಹತ್ತಿರ ನಾಲ್ಕೂವರೆ ಕ್ವಿಂಟಲ್. ತಿಂಗಳುಗಟ್ಟಲೆ ಅಟ್ಟದ ಮೇಲಿಟ್ಟು, ಅಲ್ಲಾಡಿಸಿ ಒಳಗಿನ ಸದ್ದು ಕೇಳಿ ಇಳಿಸಿದ ಕಾಯಿ ಅವು.

ಕ್ಲ್ಯಾಟ್‌ನ ಲಾಜಿಕಲ್ ರೀಸನಿಂಗ್ ಅಂದರೆ ಏನು ಅಂತ ಗೊತ್ತಿಲ್ಲದವರಿಗೆ: ಸುಮಾರು 450 ಪದಗಳ ಒಂದು ಬರಹ ಕೊಡುತ್ತಾರೆ. ಅದರಲ್ಲಿ ಯಾರೋ ಏನನ್ನೋ ವಾದಿಸಿರುತ್ತಾರೆ. ವಾದ ಯಾವುದರ ಮೇಲೆ ನಿಂತಿದೆ, ಎಲ್ಲಿ ಸಡಿಲ, ಏನು ಸೇರಿಸಿದರೆ ಗಟ್ಟಿಯಾಗುತ್ತದೆ, ಏನು ಹೇಳಿದರೆ ಬೀಳುತ್ತದೆ ಅಂತ ಕೇಳುತ್ತಾರೆ. ಇಡೀ ಪತ್ರಿಕೆಯ 120 ಪ್ರಶ್ನೆಗಳಲ್ಲಿ ಇಂಥವು 22ರಿಂದ 26. ಒಂದು ತಪ್ಪಿಗೆ 0.25 ಕಳೆಯುತ್ತಾರೆ. ಮೇಜಿನ ಸುತ್ತ ಯಾರು ಯಾರ ಪಕ್ಕ ಕೂತಿದ್ದಾರೆ ಅನ್ನುವಂಥ ಒಗಟುಗಳಲ್ಲ ಇವು.

ನಮ್ಮ ಸೆಂಟರಿನಲ್ಲಿ ಮೊದಲ ದಿನವೇ ಒಂದು ಜೆರಾಕ್ಸ್ ಹಾಳೆ ಕೊಟ್ಟರು. ಇಪ್ಪತ್ತನಾಲ್ಕು ‘ಫಾಲಸಿ’ಗಳ, ಅಂದರೆ ವಾದದೊಳಗಿನ ದೋಷಗಳ, ಹೆಸರು. ಆ್ಯಡ್ ಹಾಮಿನೆಮ್ (ವಾದ ಬಿಟ್ಟು ವಾದಿಸಿದವರ ಮೇಲೆ ಬೀಳುವುದು), ಪೋಸ್ಟ್ ಹಾಕ್ (ಮೊದಲು ಆದದ್ದೇ ಕಾರಣ ಅನ್ನುವುದು), ಸ್ಟ್ರಾ ಮ್ಯಾನ್, ಸ್ಲಿಪರಿ ಸ್ಲೋಪ್... ಪ್ರತಿ ಶನಿವಾರ ಹೆಸರಿನ ಟೆಸ್ಟು. ಅರವತ್ತು ಚಿಲ್ಲರೆ ಜನರಲ್ಲಿ ಇಪ್ಪತ್ತನಾಲ್ಕಕ್ಕೆ ಇಪ್ಪತ್ತನಾಲ್ಕು ತೆಗೆದವಳು ನಾನೊಬ್ಬಳೇ. ಹೈಸ್ಕೂಲಿನಲ್ಲಿ ಅಲಂಕಾರ ಗುರುತಿಸುತ್ತಿದ್ದೆವಲ್ಲ, ‘ಅಂತೆ’ ‘ಹಾಗೆ’ ಕಂಡರೆ ಉಪಮೆ, ‘ಎಂಬಂತೆ’ ಕಂಡರೆ ಉತ್ಪ್ರೇಕ್ಷೆ ಅಂತ, ಥೇಟ್ ಹಾಗೆಯೇ. ಬರಹದಲ್ಲಿ ‘ಒಂದು’ ಅಂತ ಕಂಡರೆ ಹೇಸ್ಟಿ ಜನರಲೈಸೇಷನ್, ಅಂದರೆ ಒಂದೆರಡು ನೋಡಿ ಎಲ್ಲಕ್ಕೂ ಅನ್ವಯಿಸುವುದು. ‘ಆದ ಮೇಲೆ’ ಅಂದರೆ ಪೋಸ್ಟ್ ಹಾಕ್. ಉತ್ತರದಲ್ಲಿ ‘ಎಲ್ಲ’, ‘ಮಾತ್ರ’ ಇದ್ದರೆ ಕಣ್ಣು ಮುಚ್ಚಿ ಹೊಡೆದುಹಾಕು. (ಬರಹವೇ ‘ಸದಸ್ಯರಿಗೆ ಮಾತ್ರ ಪ್ರವೇಶ’ ಅಂದಿದ್ದಾಗ ಸರಿಯುತ್ತರದಲ್ಲಿ ‘ಮಾತ್ರ’ ಇರದೆ ಇನ್ನೇನಿರುತ್ತದೆ? ಆಗ ಇದನ್ನು ಕೇಳುವಷ್ಟು ಬುದ್ಧಿ ನನಗಿರಲಿಲ್ಲ.)

ದೀಪಾವಳಿಗೆ ಊರಿಗೆ ಹೋಗಿದ್ದಾಗ, ಪರೀಕ್ಷೆಗೆ ಮೂರು ವಾರ ಇತ್ತು, ಜಗಲಿ ಮೇಲೆ ಕೂತು ಮಾಕ್ ಟೆಸ್ಟ್ ತಿದ್ದುತ್ತಿದ್ದೆ. ನಮ್ಮೂರಿನಲ್ಲಿ ಸಂಸ್ಕೃತ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರೊಬ್ಬರಿದ್ದಾರೆ. ಅಪ್ಪನ ಹತ್ತಿರ ಮಾತಾಡಲು ಬಂದವರು ಹಾಳೆ ಕೈಗೆ ತಗೊಂಡರು. ಅದರಲ್ಲಿದ್ದ ಒಂದು ಪ್ರಶ್ನೆ, ಕನ್ನಡದಲ್ಲಿ ಹೇಳುವುದಾದರೆ, ಹೀಗಿತ್ತು:

‘ಒಂದು ಡಿಪೋದಲ್ಲಿ ಕಳೆದ ವರ್ಷ ಹಳೆಯ ಬಸ್ಸುಗಳಿಂದ 6 ಅಪಘಾತ, ಹೊಸ ಬಸ್ಸುಗಳಿಂದ 14 ಅಪಘಾತ ಆಗಿವೆ. ಆದ್ದರಿಂದ ಈ ಡಿಪೋದ ಹೊಸ ಬಸ್ಸು ಹತ್ತುವುದು ಹಳೆಯದನ್ನು ಹತ್ತುವುದಕ್ಕಿಂತ ಅಪಾಯ.’ ಈ ವಾದದ ದೋಷ ಯಾವುದು?

ನಾನು ‘ಒಂದು ಡಿಪೋ’ ನೋಡಿದ ತಕ್ಷಣ ‘ಸಣ್ಣ ಮಾದರಿಯಿಂದ ಎಲ್ಲಕ್ಕೂ ಅನ್ವಯಿಸಿದ್ದಾರೆ’ ಅನ್ನುವ ಆಯ್ಕೆಗೆ ಟಿಕ್ ಹಾಕಿದ್ದೆ. ಸೆಂಟರಿನ ಕೀ ಉತ್ತರವೂ ಅದೇ. ಹೆಮ್ಮೆಯಿಂದ ತೋರಿಸಿದೆ.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು, “ಹಳೇ ಬಸ್ಸೆಷ್ಟು, ಹೊಸ ಬಸ್ಸೆಷ್ಟು ಓಡ್ತವೆ ಮಗು?” ಅಂದರು.

“ಅದು ಕೊಟ್ಟಿಲ್ಲ ಮೇಷ್ಟ್ರೇ.”

“ಕೊಟ್ಟಿಲ್ಲ ಅನ್ನೋದೇ ದೋಷ ಅಲ್ವಾ? ಹೊಸವು ನೂರು, ಹಳೇವು ಹತ್ತು ಇದ್ರೆ?”

ಅಪ್ಪ ಅಲ್ಲೇ ಕಾಯಿ ಸುಲಿಯುತ್ತಿದ್ದರು. ತಲೆ ಎತ್ತಲಿಲ್ಲ, ಒಂದು ಮಾತಾಡಲಿಲ್ಲ. ಅದೇ ಜಾಸ್ತಿ ಚುಚ್ಚಿತು.

ಮತ್ತೆ ಓದಿ ನೋಡಿದೆ. ವಾದ ಆ ಡಿಪೋ ದಾಟಿ ಆಚೆ ಹೋಗೇ ಇಲ್ಲ. ಅಲ್ಲಿಯ ಬಸ್ಸುಗಳ ಬಗ್ಗೆಯೇ ಹೇಳಿ ಅಲ್ಲಿಯದಕ್ಕೇ ತೀರ್ಮಾನ ಕೊಟ್ಟಿದೆ. ಮಾದರಿ ಸಣ್ಣದು ಅನ್ನುವ ಮಾತೇ ಇಲ್ಲಿ ಹುಟ್ಟುವುದಿಲ್ಲ. ಪುರಾವೆ ಇರುವುದು ಎಣಿಕೆಯಲ್ಲಿ, ತೀರ್ಮಾನ ಇರುವುದು ಅಪಾಯದಲ್ಲಿ. ಎಣಿಕೆಯಿಂದ ಅಪಾಯಕ್ಕೆ ಹೋಗಬೇಕಾದರೆ ಎಷ್ಟು ಬಸ್ಸು, ಎಷ್ಟು ಕಿಲೋಮೀಟರ್ ಅಂತ ಗೊತ್ತಿರಬೇಕು. ಆ ಎರಡು ದಡದ ನಡುವೆ ಸೇತುವೆ ಇಲ್ಲ. ಐದು ತಿಂಗಳು ನಾನು ಹೆಸರಿನ ಚೀಟಿ ಹಿಡಿದುಕೊಂಡು ದಡದ ಮೇಲೆ ಓಡಾಡಿದ್ದೆ, ಹೊಳೆ ಕಡೆ ನೋಡಿರಲೇ ಇಲ್ಲ.

ಮೇಷ್ಟ್ರಿಗೆ ಹುರುಪು ಬಂದು ನ್ಯಾಯಶಾಸ್ತ್ರಕ್ಕೆ, ಕಾನೂನಲ್ಲ, ಸಂಸ್ಕೃತದ ಹಳೇ ತರ್ಕಶಾಸ್ತ್ರಕ್ಕೆ, ಇಳಿದರು. ಅಲ್ಲಿ ಇಂಥ ಕೆಟ್ಟ ಹೇತುಗಳಿಗೆ ಹೇತ್ವಾಭಾಸ ಅಂತ ಹೆಸರು, ಐದೇ ಐದು ಬಗೆ. ‘ಬೆಟ್ಟದಲ್ಲಿ ಹೊಗೆ ಇದೆ, ಆದ್ದರಿಂದ ಬೆಂಕಿ ಇದೆ’ ಅನ್ನಬಹುದು. ತಿರುಗಿಸಿ ‘ಬೆಂಕಿ ಇದೆ, ಆದ್ದರಿಂದ ಹೊಗೆ ಇದೆ’ ಅಂದರೆ ಕೆಟ್ಟಿತು. ಕುಲುಮೆಯಲ್ಲಿ ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಎಲ್ಲಿದೆ? ಅಯೋಗೋಲಕ ಅಂತ ಅದನ್ನೇ ಉದಾಹರಣೆ ಕೊಡುತ್ತಾರಂತೆ, ದೋಷದ ಹೆಸರು ಸವ್ಯಭಿಚಾರ. “ಹೆಸರು ಮರೆತರೂ ಪರವಾಗಿಲ್ಲ, ಗುಂಡು ನೆನಪಿಟ್ಕೊ,” ಅಂದರು. ‘ಸೀಟು ಸಿಕ್ಕವರೆಲ್ಲ ಕೋಚಿಂಗ್‌ಗೆ ಹೋಗಿದ್ದರು, ಹಾಗಾಗಿ ಕೋಚಿಂಗ್‌ಗೆ ಹೋದರೆ ಸೀಟು’ ಅನ್ನುವುದೂ ಅದೇ ಕಬ್ಬಿಣದ ಗುಂಡು. ಕೋಚಿಂಗ್ ಇದ್ದೂ ಸೀಟಿಲ್ಲದವರು ನಮ್ಮ ಬ್ಯಾಚಿನ ತುಂಬ ಇದ್ದರು.

ಮೂರು ವಾರದಲ್ಲಿ ಅಭ್ಯಾಸ ಬದಲಾಯಿಸಲು ಆಗಲಿಲ್ಲ. ಇನ್ನೊಂದು ವಿಷಯ. ಆ ಸಲದಿಂದ ಪ್ರಶ್ನೆಗಳನ್ನು 150ರಿಂದ 120ಕ್ಕೆ ಇಳಿಸಿದ್ದರು, ಸಮಯ ಅದೇ ಎರಡು ಗಂಟೆ. ಪರೀಕ್ಷೆಗೆ ಎಷ್ಟೋ ತಿಂಗಳ ಮುಂಚೆಯೇ ಪ್ರಕಟಿಸಿದ್ದರೂ ನಮ್ಮ ಸೆಂಟರಿನಲ್ಲಿ ಅಕ್ಟೋಬರ್ ತನಕ 150ರ ಹಳೇ ಮಾಕ್‌ಗಳೇ. ಒಂದು ಪ್ರಶ್ನೆಗೆ 48 ಸೆಕೆಂಡ್ ಅಂತ ಕೈ ಪಳಗಿತ್ತು, ನಿಜವಾಗಿ ಒಂದು ನಿಮಿಷ ಇತ್ತು. ಆ ಹನ್ನೆರಡು ಸೆಕೆಂಡ್ ಅಂದರೆ ತೀರ್ಮಾನದ ವಾಕ್ಯವನ್ನು ಇನ್ನೊಮ್ಮೆ ಓದುವಷ್ಟು ಹೊತ್ತು.

2023ರ ಡಿಸೆಂಬರ್ 3. ಪತ್ರಿಕೆಯಲ್ಲಿ ನಾನು ಬಾಯಿಪಾಠ ಮಾಡಿದ್ದ ಇಪ್ಪತ್ತನಾಲ್ಕು ಹೆಸರುಗಳು ನನಗೇನೂ ಕೆಲಸಕ್ಕೆ ಬರಲಿಲ್ಲ. ಆ ವಿಭಾಗದಲ್ಲಿ ಬರೆದದ್ದರಲ್ಲಿ 10 ಸರಿ, 13 ತಪ್ಪು. ಕಳೆದು ಉಳಿದದ್ದು 6.75.

ಕೋರ್ಸು ಬೇರೆ ಲಾ ಎಂಟ್ರೆನ್ಸುಗಳಿಗೂ ಸೇರಿ ಮೇ ತನಕ ಇತ್ತು. ಉಳಿದ ತಿಂಗಳ ಹಣ ವಾಪಸ್ ಕೊಡಿ ಅಂತ ಅಪ್ಪ, ನಾನು ಹೋದೆವು. ಮ್ಯಾನೇಜರ್ ಹೇಳಿದ್ದು: “ಯಜಮಾನ್ರೇ, ಇಲ್ಲೀತನಕ ಒಬ್ರೂ ಕಂಪ್ಲೇಂಟ್ ಮಾಡಿಲ್ಲ. ಪಾಠ ಚೆನ್ನಾಗಿದೆ ಅನ್ನೋಕೆ ಇನ್ನೇನು ಬೇಕು?” ಆಮೇಲೆ ನನ್ನ ಕಡೆ ತಿರುಗಿ, “ಓದದೇ ಇರೋರೇ ರಿಫಂಡ್ ಕೇಳೋದು ಮಾ.” ಎರಡನೆಯದರ ಹೆಸರು ಅವರ ಹಾಳೆಯಲ್ಲೇ ಮೊದಲನೇ ಸಾಲಿನಲ್ಲಿತ್ತು. ಆ ಹೊತ್ತಿಗೆ ಅಳು ಬಂದಿತ್ತು, ಹೇಳಲಾಗಲಿಲ್ಲ. ಗ್ರಾಹಕರ ಸಹಾಯವಾಣಿ 1915ಕ್ಕೆ ದೂರು ಕೊಟ್ಟು, ನಾಲ್ಕು ಸಲ ಓಡಾಡಿದ ಮೇಲೆ ₹10,000 ಬಂತು.

ಈಗಿನವರಿಗೆ ನಮಗಿಂತ ಸ್ವಲ್ಪ ಆಸರೆ ಇದೆ. 2024ರ ಜನವರಿಯಲ್ಲಿ ಕೇಂದ್ರದ ಶಿಕ್ಷಣ ಸಚಿವಾಲಯ ಕೋಚಿಂಗ್ ಸೆಂಟರುಗಳ ಬಗ್ಗೆ ಮಾರ್ಗಸೂಚಿ ತಂದಿತು. ಮಧ್ಯದಲ್ಲಿ ಬಿಟ್ಟವರಿಗೆ ಉಳಿದ ಅವಧಿಯ ಫೀಸನ್ನು ಹತ್ತು ದಿನದಲ್ಲಿ ಹಿಂತಿರುಗಿಸಬೇಕು ಅಂತ ಅದರಲ್ಲಿದೆ. ಅದು ರಾಜ್ಯಗಳಿಗೆ ಕೊಟ್ಟ ಮಾರ್ಗಸೂಚಿ, ಕಾಯ್ದೆ ಅಲ್ಲ. ಆದರೂ ಪ್ರಿಂಟ್ ತೆಗೆದು ಮೇಜಿನ ಮೇಲಿಟ್ಟು ಮಾತಾಡಿ, ಧ್ವನಿಯೇ ಬೇರೆಯಾಗುತ್ತದೆ. ಅದೇ ವರ್ಷ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತುಗಳ ಬಗ್ಗೆಯೇ ನಿಯಮ ಹೊರಡಿಸಿತು. ಫೋಟೊ ಹಾಕಿದರೆ ಆ ವಿದ್ಯಾರ್ಥಿ ಯಾವ ಕೋರ್ಸು, ಎಷ್ಟು ಅವಧಿ ಓದಿದ್ದು, ಹಣ ಕೊಟ್ಟು ಓದಿದ್ದೋ ಅಲ್ಲವೋ ಅನ್ನುವುದನ್ನೂ ಹಾಕಬೇಕು. ಆಯ್ಕೆಯಾದ ಮೇಲೆ ಅವರಿಂದ ಲಿಖಿತ ಒಪ್ಪಿಗೆ ತಗೊಂಡಿರಬೇಕು.

ಸೇರುವ ಮುಂಚೆ ಒಂದು ಕೆಲಸ ಮಾಡಿ. ಹಳೇ ಕ್ಲ್ಯಾಟ್ ಪತ್ರಿಕೆಯ ಒಂದು ಬರಹ ತಗೊಂಡು ಹೋಗಿ, ಪಾಠ ಮಾಡುವವರ ಮುಂದಿಟ್ಟು, ಸರಿಯುತ್ತರ ಯಾವುದು ಅಂತ ಕೇಳಬೇಡಿ, ಅದು ಕೀಯಲ್ಲೇ ಇರುತ್ತದೆ. ಉಳಿದ ಮೂರು ಯಾಕೆ ತಪ್ಪು ಅಂತ ಕೇಳಿ. ಬರಹದ ವಾಕ್ಯಕ್ಕೆ ಬೆರಳಿಟ್ಟು ತೋರಿಸಿದರೆ ಕೂತು ಮಾತಾಡಿ. ಬರೀ ಲ್ಯಾಟಿನ್ ಹೆಸರು ಹೇಳಿದರೆ ಬಸ್ ಸ್ಟ್ಯಾಂಡ್ ಕಡೆ ನಡೆಯಿರಿ.

ನಾನೀಗ ಪಕ್ಕದ ಮನೆ ಹುಡುಗನಿಗೆ ಹೇಳಿಕೊಡುತ್ತಿದ್ದೇನೆ, ಕನ್ನಡ ಮಾಧ್ಯಮದವನು. ಪರೀಕ್ಷೆ ಇಂಗ್ಲಿಷಿನಲ್ಲಿ, ಅದಕ್ಕೆ ಇಂಗ್ಲಿಷಿನಲ್ಲೇ ಯೋಚಿಸಿ ಅಂತ ಸೆಂಟರಿನಲ್ಲಿ ಬೈಯುತ್ತಿದ್ದರು. ನಾನು ಉಲ್ಟಾ ಮಾಡಿಸುತ್ತೇನೆ. ಓದಿದ ಮೇಲೆ ಹಾಳೆ ಮುಚ್ಚು, ಇವನು ಏನು ಒಪ್ಪಿಸಬೇಕು ಅಂತಿದ್ದಾನೆ, ಯಾಕೆ ಅಂತಿದ್ದಾನೆ, ಎರಡೇ ಸಾಲು, ನಿಮ್ಮಮ್ಮನಿಗೆ ಹೇಳುವ ಹಾಗೆ ಕನ್ನಡದಲ್ಲಿ ಹೇಳು. ಅರ್ಧ ದೋಷ ಅಲ್ಲೇ ನಾಲಿಗೆಗೆ ಎಡವುತ್ತದೆ. ‘ಆರು ಅಪಘಾತ, ಹದಿನಾಲ್ಕು ಅಪಘಾತ, ಅದಕ್ಕೆ ಹತ್ತಬೇಡ’ ಅಂದರೆ ಯಾವ ತಾಯಿಯಾದರೂ ‘ಬಸ್ಸೆಷ್ಟಿದ್ವೋ?’ ಅಂತ ಕೇಳಿಯೇ ಕೇಳುತ್ತಾಳೆ. ಅಭ್ಯಾಸಕ್ಕೆ ಹಳೇ ಕ್ಲ್ಯಾಟ್ ಪತ್ರಿಕೆಗಳು, ಜೊತೆಗೆ ಅಮೆರಿಕದ ಲಾ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನ ಅಧಿಕೃತ ಪತ್ರಿಕೆಗಳು. ಅವುಗಳಲ್ಲಿ ಕೆಲವು ಅವರ ಲಾಹಬ್ ವೆಬ್‌ಸೈಟಿನಲ್ಲಿ ಉಚಿತ. ಬರಹ ಚಿಕ್ಕದು, ದೋಷ ನುಣ್ಣಗೆ ಅಡಗಿರುತ್ತದೆ. ದಿನಕ್ಕೆ ಐದು ಪ್ರಶ್ನೆ ಸಾಕು, ತಪ್ಪಾದದ್ದರ ಮೇಲೆ ಅರ್ಧ ಗಂಟೆ ಕೂರಬೇಕು.

ಆ ಒಂಬತ್ತು ಮುಖಗಳ ಕಥೆ ಬಾಕಿ ಇದೆ. 2024ರಲ್ಲಿ ನಾನು ತುಮಕೂರಿನಲ್ಲೇ ಐದು ವರ್ಷದ ಲಾ ಕೋರ್ಸಿಗೆ ಸೇರಿದೆ, ಪಿಯುಸಿ ಅಂಕದ ಮೇಲೆ. ಕ್ಲ್ಯಾಟ್ ಅಂಕವನ್ನು ಯಾರೂ ಕೇಳಲಿಲ್ಲ. ಅಲ್ಲಿ ಸೀನಿಯರ್ ಅಕ್ಕ ಒಬ್ಬರನ್ನು ಎಲ್ಲೋ ನೋಡಿದ್ದೀನಲ್ಲ ಅನ್ನಿಸಿತು. ಫ್ಲೆಕ್ಸಿನ ಮೇಲಿನ ಸಾಲು, ಮೂರನೆಯವರು. ಕೇಳಿದರೆ, “ಅಯ್ಯೋ, ನಾನಲ್ಲಿ ಒಂದಿನ ಫ್ರೀ ಮಾಕ್ ಬರ್ದಿದ್ದೆ ಕಣೆ. ಪಾಠಕ್ಕೆ ಒಂದಿನಾನೂ ಹೋಗಿಲ್ಲ. ನನಗೂ ಸೀಟು ಸಿಕ್ಕಿದ್ದು ಮಾರ್ಕ್ಸ್ ಮೇಲೇ,” ಅಂದರು. ‘ಲಾ ಸೀಟು’ ಅಂತ ಹಾಕಿದ್ದರೇ ಹೊರತು ಯಾವ ಲಾ ಸೀಟು ಅಂತ ಹಾಕಿರಲಿಲ್ಲ. ನಾನು ಅದನ್ನು ನಾಗರಬಾವಿ ಅಂತ ಓದಿಕೊಂಡಿದ್ದೆ.

2025ರ ಮಾರ್ಚ್‌ನಲ್ಲಿ ಅಪ್ಪ ಫೋನ್ ಮಾಡಿದರು. ತುಮಕೂರಿಗೆ ಬಂದಿದ್ದರಂತೆ. “ಮೂಟೆ ಬಾಯಿಗೆ ನಿನ್ನೇ ಇಟ್ಟವ್ರೆ ಕಣಮ್ಮ,” ಅಂದರು. ಓಡಿ ಹೋಗಿ ನೋಡಿದೆ. ಹೊಸ ಫ್ಲೆಕ್ಸ್, ಹನ್ನೊಂದು ಮುಖ. ಎರಡನೇ ಸಾಲಿನಲ್ಲಿ ನಾನು, ಅಡ್ಮಿಷನ್ ಫಾರಂಗೆ ಅಂಟಿಸಿದ್ದ ಅದೇ ಎರಡು ಜಡೆಯ ಫೋಟೊ. ಒಳಗೆ ಹೋಗಿ ನವೆಂಬರ್‌ನ ನಿಯಮದ ಪ್ರಿಂಟ್ ಮೇಜಿನ ಮೇಲಿಟ್ಟೆ, ಈ ಸಲ ಅಳಲಿಲ್ಲ. ಮೂರನೇ ದಿನಕ್ಕೆ ನನ್ನ ಮುಖದ ಮೇಲೆ ಬೇರೆ ಯಾವನೋ ಹುಡುಗನ ಫೋಟೊ ಅಂಟಿಸಿದ್ದರು. ಹನ್ನೊಂದು ಹನ್ನೊಂದೇ ಇತ್ತು.