ಉಷ್ಣ ಕವಚದ ಒಳಗಿನ ಬಿಸಿ ಲೆಕ್ಕ ಹಾಕಲು ಪಾಟೋ: ಕೆಲವು ವರ್ಷ ಬಳಸಿದ ಮೇಲೆ

ಬಾಹ್ಯಾಕಾಶ ನೌಕೆಗಳ ಹೀಟ್ ಶೀಲ್ಡ್ (ಉಷ್ಣ ಕವಚ) ಮೇಲೆ ಕೆಲಸ ಶುರುಮಾಡುವವರಿಗೆ ನನ್ನ ಮೊದಲ ಸಲಹೆ ಪಾಟೋ ಎಂಬ ತಂತ್ರಾಂಶ. ಧೈರ್ಯವಾಗಿ ಹಾಕಿಕೊಳ್ಳಿ. ಆದರೆ ಒಂದು ಆಯಾಮದ ಲೆಕ್ಕಕ್ಕೇ, ಅಂದ್ರೆ ಬಿಸಿ ಆಳದ ದಿಕ್ಕಿನಲ್ಲಿ ಮಾತ್ರ ಹರಿಯುತ್ತದೆ ಅನ್ನುವ ಲೆಕ್ಕಕ್ಕೇ, ನಿಲ್ಲಬೇಡಿ.

ನಾಸಾದ ಏಮ್ಸ್ ಕೇಂದ್ರದಲ್ಲಿ ಬೆಳೆದ ತಂತ್ರಾಂಶ ಇದು. ದ್ರವ, ಅನಿಲಗಳ ಹರಿವನ್ನು ಲೆಕ್ಕ ಹಾಕುವ ಓಪನ್‌ಫೋಮ್ ಎಂಬ ತಂತ್ರಾಂಶದ ಮೇಲೆ ಕಟ್ಟಿದ್ದಾರೆ, ಓಪನ್ ಸೋರ್ಸ್. ನಮ್ಮಂಥವರಿಗೆ ಇದೇ ದೊಡ್ಡ ವಿಷಯ. ಇಂಥದೇ ಲೆಕ್ಕ ಮಾಡುವ, ಅಲ್ಲಿಯದೇ ಹಳೆಯ ಕೋಡ್ ಫಿಯಟ್ ಅಮೆರಿಕದ ಹೊರಗಿನವರಿಗೆ ಸುಲಭಕ್ಕೆ ಸಿಗುವಂಥದ್ದಲ್ಲ.

ಬಟನ್ನು, ಮೆನು ಏನೂ ಇಲ್ಲ. ಎಲ್ಲಾ ಟೆಕ್ಸ್ಟ್ ಫೈಲು. ಲಿನಕ್ಸ್ ಟರ್ಮಿನಲ್ ಅಂದ್ರೆ ಭಯಪಡುವವರಿಗೆ ಮೊದಲು ಸ್ವಲ್ಪ ಕಷ್ಟ. ಕಲಿಯಲು ಟಾಕಾಟ್ ಎಂಬ ಕಾಲ್ಪನಿಕ ವಸ್ತುವಿನಿಂದ ಶುರುಮಾಡಿ. ಅದು ಪಿಕಾವನ್ನು, ಅಂದ್ರೆ ಇಂಗಾಲದ ನಾರಿಗೆ ರಾಳ ಸೇರಿಸಿ ಮಾಡಿದ ಹಗುರ ಕವಚದ ವಸ್ತುವನ್ನು, ಹೋಲುತ್ತದೆ. 2006ರಲ್ಲಿ ಸ್ಟಾರ್‌ಡಸ್ಟ್ ಕೋಶವನ್ನು, 2012ರಲ್ಲಿ ಮಂಗಳಕ್ಕಿಳಿದ ಕ್ಯೂರಿಯಾಸಿಟಿಯನ್ನು ಕಾಪಾಡಿದ್ದು ಇದೇ ಪಿಕಾ. 5 ಸೆಂ.ಮೀ. ದಪ್ಪದ ಟಾಕಾಟ್ ತುಂಡಿನ ಮೇಲ್ಮೈಯನ್ನು 1644 ಕೆಲ್ವಿನ್‌ಗೆ ಏರಿಸಿ ಒಂದು ನಿಮಿಷ ಇಡುವ ಲೆಕ್ಕ ಇದೆ. ಬೇರೆ ಕೋಡ್‌ಗಳ ಉತ್ತರದ ಜೊತೆ ನಿಮ್ಮದನ್ನು ಹೋಲಿಸಿ ನೋಡಬಹುದು.

ನನಗೆ ತುಂಬಾ ಹಿಡಿಸಿದ್ದು ಅನಿಲದ ಲೆಕ್ಕ. ಬಿಸಿಗೆ ರಾಳ ವಿಭಜನೆಗೊಂಡು ಅನಿಲ ಹೊರಡುತ್ತದೆ. ಅದು ರಂಧ್ರಗಳಲ್ಲಿ ಹಾದು ಮೇಲೆ ಬರುವಾಗ ಬಿಸಿಯನ್ನು ಹೀರಿಕೊಂಡು ಹೋಗುತ್ತದೆ. ಅನಿಲದ ಒತ್ತಡ ಎಲ್ಲಿ ಎಷ್ಟು, ಯಾವ ಕಡೆ ಹರಿಯುತ್ತಿದೆ, ಎಲ್ಲವನ್ನೂ ಪಾಟೋ ತೋರಿಸುತ್ತದೆ.

ಈಗ ಆರ್ಕ್ ಜೆಟ್ ಪರೀಕ್ಷೆಯ ವಿಷಯ, ಅಂದ್ರೆ ವಿದ್ಯುತ್ ಕಿಡಿಯಿಂದ ಕಾಯಿಸಿದ ಅನಿಲವನ್ನು ಕವಚದ ತುಂಡಿನ ಮೇಲೆ ಹಾಯಿಸುವ ಪರೀಕ್ಷೆ. ತುಂಡಿನ ನಡುವೆ, ಆಳದಲ್ಲಿ ಕೂರಿಸಿದ ಥರ್ಮೋಕಪಲ್ (ತಾಪಮಾನ ಅಳೆಯುವ ತಂತಿ) ನೋಡಿ. ಒಂದು ಆಯಾಮದ ಲೆಕ್ಕ ಹೇಳಿದ್ದಕ್ಕಿಂತ ಅದು ಬೇಗ ಕಾಯುತ್ತದೆ, ಜಾಸ್ತಿಯೂ ಕಾಯುತ್ತದೆ. ಯಾಕೆ ಅಂದ್ರೆ ಬಿಸಿ ಪಕ್ಕದ ಗೋಡೆಯಿಂದಲೂ ಒಳಗೆ ಬರುತ್ತಿರುತ್ತದೆ. ಪಿಕಾದ ನಾರುಗಳು ಬಹುಪಾಲು ಮೇಲ್ಮೈಗೆ ಸಮಾನಾಂತರವಾಗಿ ಮಲಗಿರುತ್ತವೆ. ಹಾಗಾಗಿ ಆಳಕ್ಕಿಂತ ಅಡ್ಡಕ್ಕೆ ಬಿಸಿ ಚೆನ್ನಾಗಿ ಹರಿಯುತ್ತದೆ. ಪಾಟೋದಲ್ಲಿ ಎರಡೂ ದಿಕ್ಕಿನ ವಾಹಕತೆಯನ್ನು ಬೇರೆಬೇರೆ ಕೊಟ್ಟು, ಪಕ್ಕದ ಬಿಸಿಯನ್ನೂ ಸೇರಿಸಿ ಓಡಿಸಿದರೆ ಲೆಕ್ಕದ ರೇಖೆ, ಅಳತೆಯ ರೇಖೆ ಎರಡೂ ಹತ್ತಿರ ಬರುತ್ತವೆ. ಆಮೇಲೂ ವ್ಯತ್ಯಾಸ ಉಳಿದರೆ ಥರ್ಮೋಕಪಲ್ ತಂತಿಯನ್ನು ಹೇಗೆ ಎಳೆದಿದ್ದಾರೆ ಅಂತ ಕೇಳಿ. ಮೇಲ್ಮೈಗೆ ಸಮಾನಾಂತರವಾಗಿ ಸ್ವಲ್ಪ ದೂರ ಎಳೆಯದೆ ನೇರವಾಗಿ ಕೆಳಗಿಳಿಸಿದ್ದರೆ, ತಂತಿಯೇ ಬಿಸಿಯನ್ನು ಕದ್ದುಕೊಂಡು ಹೋಗುತ್ತದೆ.

ಇನ್ನೊಂದು ಮಾತು. ಜೆಟ್ಟಿನ ಎಂಥಾಲ್ಪಿಯನ್ನು, ಅಂದ್ರೆ ಆ ಅನಿಲ ಹೊತ್ತು ತರುವ ಉಷ್ಣಶಕ್ತಿಯನ್ನು, ನೇರವಾಗಿ ಅಳೆಯೋದು ಕಷ್ಟ. ತಾಮ್ರದ ಕ್ಯಾಲರಿಮೀಟರ್ ಕೊಡುವುದು ತಣ್ಣನೆಯ ಗೋಡೆಗೆ ಬೀಳುವ ಬಿಸಿ ಮಾತ್ರ. ಎಂಥಾಲ್ಪಿ ತಪ್ಪಾದರೆ ಮೇಲ್ಮೈ ಎಷ್ಟು ಸವೆಯುತ್ತದೆ ಅನ್ನುವ ಲೆಕ್ಕವೂ ತಪ್ಪುತ್ತದೆ, ಆದರೆ ಪಾಟೋ ಅದಕ್ಕೇನೂ ಎಚ್ಚರಿಕೆ ಕೊಡುವುದಿಲ್ಲ. ಆ ಒಂದು ಸಂಖ್ಯೆಯನ್ನು ಸ್ವಲ್ಪ ಮೇಲೆ, ಸ್ವಲ್ಪ ಕೆಳಗೆ ಮಾಡಿ ಓಡಿಸಿ, ವರದಿಯಲ್ಲಿ ಎಲ್ಲಾ ಉತ್ತರಗಳನ್ನೂ ಹಾಕಿ.

ಒಂದು ಆಯಾಮದ ಲೆಕ್ಕಕ್ಕೆ ಸಾಮಾನ್ಯ ಲ್ಯಾಪ್‌ಟಾಪ್ ಸಾಕು. ಪೂರ್ತಿ ಮೂರು ಆಯಾಮಕ್ಕೆ ಹೋಗುವವರು ಕ್ಲಸ್ಟರ್‌ನಲ್ಲಿ (ಒಟ್ಟಿಗೆ ಜೋಡಿಸಿದ ಹಲವು ಕಂಪ್ಯೂಟರ್‌ಗಳಲ್ಲಿ) ಮೊದಲೇ ಜಾಗ ಕೇಳಿಟ್ಟುಕೊಳ್ಳಿ.