ಎರಡು ಬಟನ್ ಕಮೋಡ್: ಹಲವು ವರ್ಷ ಬಳಸಿದ ಮೇಲೆ

ನೀರು ಉಳಿಸುವ ಕಮೋಡ್ ನಮ್ಮ ಮನೆಗೆ ಬಂದು ಹಲವು ವರ್ಷಗಳಾದವು. ಹಳೆಯದು ಒಂದು ಸಲಕ್ಕೆ 13 ಲೀಟರ್ ನೀರು ಸುರಿಯುತ್ತಿತ್ತು. ಈಗಿನದಕ್ಕೆ ದೊಡ್ಡ ಬಟನ್ ಒತ್ತಿದರೆ 6 ಲೀಟರ್, ಚಿಕ್ಕದಕ್ಕೆ 3 ಲೀಟರ್ ಸಾಕು. ಹಾಕಿಸಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ಧಾರಾಳವಾಗಿ ಹಾಕಿಸಿ. ಆದರೆ ಕೊಳ್ಳುವಾಗ ಜನ ಹೆದರುವುದು ಒಂದಕ್ಕೆ, ಆಮೇಲೆ ಕಾಡುವುದು ಇನ್ನೊಂದು.

ಹೆದರಿಕೆ ಏನು ಅಂದರೆ, ಇಷ್ಟು ಕಡಿಮೆ ನೀರಿಗೆ ಎಲ್ಲ ಸರಿಯಾಗಿ ಹೋಗುತ್ತಾ ಅನ್ನೋದು. ಈ ಅನುಮಾನ ಸುಮ್ನೆ ಹುಟ್ಟಿದ್ದಲ್ಲ. ಅಮೆರಿಕದಲ್ಲಿ 1994ರಿಂದ ಮನೆಗೆ ಹಾಕುವ ಹೊಸ ಕಮೋಡ್‌ಗಳಿಗೆ ಸುಮಾರು 6 ಲೀಟರ್ ಮಿತಿ ಬಂತು. ಆಗ ಬಂದ ಮೊದಲ ಮಾಡೆಲ್‌ಗಳಲ್ಲಿ ನೀರು ಕಡಿಮೆಯಾಗಿತ್ತು, ಆದರೆ ಬೌಲ್‌ನ ಆಕಾರ ಅದಕ್ಕೆ ತಕ್ಕಂತೆ ಬದಲಾಗಿರಲಿಲ್ಲ. ಕಟ್ಟಿಕೊಳ್ಳುವುದು, ಎರಡೆರಡು ಸಲ ಫ್ಲಶ್ ಮಾಡುವುದು ಮಾಮೂಲಿಯಾಯಿತು. ಕೆಟ್ಟ ಹೆಸರು ಆವಾಗಿನದು. ಈಗ ನೀರು ಟ್ಯಾಂಕಿನಿಂದ ಇಳಿಯುವ ಬಾಯಿ ಅಗಲವಾಗಿದೆ, ಹೊರಹೋಗುವ ದಾರಿಯ ಒಳಭಾಗವೂ ನುಣುಪಾಗಿದೆ. 2003ರಲ್ಲಿ ಶುರುವಾದ ಮ್ಯಾಪ್ ಅನ್ನುವ ಪರೀಕ್ಷೆಯಲ್ಲಿ ಸೋಯಾಬೀನ್ ಪೇಸ್ಟ್ ಹಾಕಿ, ಒಂದೇ ಫ್ಲಶ್‌ಗೆ ಎಷ್ಟು ಗ್ರಾಂ ಹೋಗುತ್ತದೆ ಅಂತ ಅಳೆಯುತ್ತಾರೆ. 1000 ಗ್ರಾಂ ದಾಟಿಸುವ ಮಾಡೆಲ್‌ಗಳು ಬೇಕಾದಷ್ಟಿವೆ. ಲೀಟರ್ ಲೆಕ್ಕಕ್ಕಿಂತ ಈ ಗ್ರಾಂ ಲೆಕ್ಕ ಮೊದಲು ನೋಡಿ.

ನಮ್ಮಲ್ಲಿ ಕಟ್ಟಿಕೊಂಡಿದ್ದು ಅಪರೂಪ. ಕಟ್ಟಿಕೊಂಡಾಗಲೂ ಕಾರಣ ಯಾರೋ ಹಾಕಿದ ವೆಟ್ ವೈಪ್. ಅದನ್ನು ಯಾವ ಕಮೋಡಿಗೂ ಹಾಕಬಾರದು. ನಿಜವಾದ ಕಿರಿಕಿರಿ ಬೇರೆ ಇದೆ. ಬೌಲಿನಲ್ಲಿ ನಿಲ್ಲುವ ನೀರಿನ ಹರವು ಚಿಕ್ಕದು, ಹಾಗಾಗಿ ಪಕ್ಕದಲ್ಲಿ ಕಲೆ ಉಳಿಯುತ್ತದೆ. ಬ್ರಷ್ ಕೆಲಸ ಮೊದಲಿಗಿಂತ ಜಾಸ್ತಿ.

ಇನ್ನು ಕಾಡುವ ವಿಷಯಕ್ಕೆ ಬರುತ್ತೇನೆ. ಟ್ಯಾಂಕಿನ ತಳದಲ್ಲಿ, ನೀರು ಇಳಿಯುವ ಜಾಗದಲ್ಲಿ ಒಂದು ರಬ್ಬರ್ ಅಥವಾ ಸಿಲಿಕೋನ್ ರಿಂಗ್ ಇರುತ್ತದೆ. ಅದಕ್ಕೆ ಮರಳಿನ ಕಣ ಸಿಕ್ಕಿದರೂ, ಗಡಸು ನೀರಿನ ಬಿಳಿ ಪೊರೆ ಕೂತರೂ ನೀರು ಸಣ್ಣಗೆ ಸೋರಲು ಶುರುವಾಗುತ್ತದೆ. ಸದ್ದೇ ಇರುವುದಿಲ್ಲ. ಹಗಲು ರಾತ್ರಿ ಸೋರುತ್ತಿದ್ದರೆ ದಿನಕ್ಕೆ ನೂರಾರು ಲೀಟರ್ ಹೋಗಬಹುದು. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ 20 ಸಲ ಫ್ಲಶ್ ಆಯಿತು ಅಂದುಕೊಳ್ಳಿ. ಹಳೆಯದಕ್ಕೆ 260 ಲೀಟರ್ ಬೇಕು. ಹೊಸದರಲ್ಲಿ 4 ಸಲ ದೊಡ್ಡದು, 16 ಸಲ ಚಿಕ್ಕದು ಒತ್ತಿದರೆ 72 ಲೀಟರ್. ಉಳಿಯುವುದು 188 ಲೀಟರ್. ಅಷ್ಟನ್ನೂ ಒಂದು ಸವೆದ ರಿಂಗ್ ನುಂಗಿಹಾಕುತ್ತದೆ. ನೀರು ಉಳಿಸಲೆಂದೇ ಹಾಕಿಸಿದ್ದು, ಅದೇ ಹೀಗೆ ಪೋಲು ಮಾಡಿದರೆ ಹೊಟ್ಟೆ ಉರಿಯುತ್ತದೆ.

ಕಂಡುಹಿಡಿಯುವುದು ಸುಲಭ. ಟ್ಯಾಂಕಿಗೆ ಅಡುಗೆ ಬಣ್ಣ ನಾಲ್ಕು ಹನಿ ಹಾಕಿ, ಅರ್ಧ ಗಂಟೆ ಫ್ಲಶ್ ಮಾಡಬೇಡಿ. ಬೌಲಿನಲ್ಲಿ ಬಣ್ಣ ಕಂಡರೆ ಸೋರುತ್ತಿದೆ ಎಂದೇ ಅರ್ಥ. ನಾನು ಆಗಾಗ ಇದನ್ನು ಮಾಡುತ್ತೇನೆ. ಸೋರಿದರೆ ಆ್ಯಂಗಲ್ ಕಾಕ್ (ಟ್ಯಾಂಕಿಗೆ ನೀರು ಬಿಡುವ ಚಿಕ್ಕ ನಲ್ಲಿ) ಮುಚ್ಚಿ, ಟ್ಯಾಂಕ್ ಖಾಲಿ ಮಾಡಿ, ರಿಂಗ್ ಇರುವ ವಾಲ್ವನ್ನು ತಿರುಗಿಸಿ ಮೇಲೆತ್ತಿ, ರಿಂಗ್ ತೊಳೆದು ಕೂರಿಸಿದರೆ ಬಹಳ ಸಲ ಸರಿಹೋಗುತ್ತದೆ. ಹೋಗದಿದ್ದರೆ ಹೊಸ ರಿಂಗ್ ಹಾಕಬೇಕು. ಟ್ಯಾಂಕಿನೊಳಗೆ ಇಡುವ ಕ್ಲೋರಿನ್ ಮಾತ್ರೆ ಮಾತ್ರ ಬೇಡ, ಅದು ರಬ್ಬರನ್ನು ಬೇಗ ಹಾಳು ಮಾಡುತ್ತದೆ.

ಬಟನ್ ಯಾವುದು ಅಂತ ನೆಂಟರಿಗೆ ಗೊತ್ತಾಗುವುದಿಲ್ಲ, ಅಷ್ಟೇನೂ ದೊಡ್ಡ ವಿಷಯವಲ್ಲ. ಅಂದಹಾಗೆ ಈ ಎರಡು ಬಟನ್ ವ್ಯವಸ್ಥೆ 1980ರ ಸುಮಾರಿಗೆ ಆಸ್ಟ್ರೇಲಿಯಾದ ಕರೋಮಾ ಕಂಪನಿಯಲ್ಲಿ ಬ್ರೂಸ್ ಥಾಂಪ್ಸನ್ ರೂಪಿಸಿದ್ದು. ಆಗಿನ ಅಳತೆ 11 ಮತ್ತು 5.5 ಲೀಟರ್. ಈಗ ಅದರ ಸುಮಾರು ಅರ್ಧಕ್ಕೆ ಇಳಿದಿದೆ ನೋಡಿ!

ಗೋಡೆಯೊಳಗೆ ಅಡಗಿಸುವ ಟ್ಯಾಂಕ್ ನೋಡಲು ಚೆಂದ. ರಿಪೇರಿಗೆ ಮಾತ್ರ ಬಟನ್ ಪ್ಲೇಟಿನ ಕಿಂಡಿಯಲ್ಲೇ ಕೈ ಹಾಕಬೇಕು. ನನಗಂತೂ ಹೊರಗೆ ಕಾಣುವ ಟ್ಯಾಂಕೇ ಇಷ್ಟ. ಯಾವುದೇ ಕೊಂಡರೂ ಆ ಮಾಡೆಲ್‌ನ ರಿಂಗ್ ಬಿಡಿಯಾಗಿ ಸಿಗುತ್ತದಾ ಅಂತ ಮೊದಲೇ ಕೇಳಿ, ಒಂದು ಜಾಸ್ತಿ ತಂದಿಟ್ಟುಕೊಳ್ಳಿ.